ಮೇಡಂ ತಾಳ ತಪ್ಪಿದ ಭಾನುವಾರ

ನಮ್ಮ ಸಂಗೀತದ ಮೇಡಂ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ಅವರು ಹಾಡಿದ ಸಾಲನ್ನು ನಾವು ಹಾಗೆಯೇ ತಿರುಗಿ ಹಾಡಬೇಕು. ಸೇರಿಸಬಾರದು, ಬಿಡಬಾರದು, ಮುಖ್ಯವಾಗಿ ಯೋಚಿಸಬಾರದು. "ಯೋಚ್ನೆ ಮಾಡೋದು ನನ್ ಕೆಲ್ಸ. ನಿಮ್ದು ಒಪ್ಸೋದು ಅಷ್ಟೇ" ಎನ್ನುತ್ತಿದ್ದರು. ಈ ಕಾನೂನನ್ನು ನಾವು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದೆವೆಂದರೆ, ಸಾಲಿನ ಮಧ್ಯೆ ಅವರು ಮೂಗು ಏರಿಸಿದರೆ ನಾವೂ ಏರಿಸುತ್ತಿದ್ದೆವು. ನಮ್ಮವಳೊಬ್ಬಳು ಪರೀಕ್ಷೆಯಲ್ಲಿ ಚರಣಕ್ಕೆ ಮೊದಲು ಗಂಟಲು ಸರಿಮಾಡಿಕೊಂಡು, ಅದೂ ಪಾಠದಲ್ಲೇ ಇದೆ ಎಂದು ಪರೀಕ್ಷಕರ ಹತ್ತಿರ ವಾದ ಮಾಡಿ ಬಂದಿದ್ದಳು.

ನಾನು ಹತ್ತೊಂಬತ್ತು ವರ್ಷದಿಂದ ಅವರ ಶಿಷ್ಯೆ. ಹಾಡುವುದೇ ನನ್ನ ಹೊಟ್ಟೆಪಾಡು. ಸಂಜೆ ಆರತಕ್ಷತೆಗಳಲ್ಲಿ, ಊಟದ ಹಾಲ್ ಕಡೆಗೆ ಓಡುವವರ ಬೆನ್ನಿಗೆ ಹಾಡುತ್ತೇನೆ. ವಾರದಲ್ಲಿ ಎರಡು ದಿನ ಹೂಟಗಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ಜಯಲಕ್ಷ್ಮಿಪುರಂನ ಮೇಡಂ ಮನೆಯ ಹಜಾರದಲ್ಲಿ ಚಾಪೆಯ ಮೇಲೆ ಮತ್ತೆ ಶಿಷ್ಯೆ. ಇಷ್ಟು ವರ್ಷದಲ್ಲಿ ಅವರು ನನ್ನ ತಪ್ಪು ಹಿಡಿದದ್ದಕ್ಕೆ ಲೆಕ್ಕವಿಲ್ಲ. ನಾನು ಅವರದ್ದು ಹಿಡಿದದ್ದು ಒಂದೂ ಇಲ್ಲ. ಅದಕ್ಕಾಗಿ ನಾನು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಬಾಯಿಬಿಟ್ಟು ಹೇಳುವ ಧೈರ್ಯವೇನೂ ಇರಲಿಲ್ಲ; ಹಿಡಿದೆ ಎಂದು ನನಗೊಬ್ಬಳಿಗೆ ಗೊತ್ತಾದರೆ ಸಾಕಿತ್ತು.

ಹಾಡುವಾಗ ಬಾಯಲ್ಲಿ ಏನೂ ಇಟ್ಟುಕೊಳ್ಳಕೂಡದು ಎಂದು ನಮ್ಮನ್ನು ಗದರುತ್ತಿದ್ದ ಮೇಡಂ, ತಾವು ಮಾತ್ರ ಎಡಗೆನ್ನೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡೇ ಪಾಠ ಹೇಳುತ್ತಿದ್ದರು. ಗಂಟಲು ಒಣಗದಿರಲಿ ಎಂದು. ದಿನವೂ ಕುಟ್ಟಿ ಚೂರು ಮಾಡಿಕೊಳ್ಳುವವರು, ಆ ಭಾನುವಾರ ಗೋಲಿ ಗಾತ್ರದ ಹರಳೊಂದನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರು. ನಾನು ನೋಡಿದೆ. ಕೆನ್ನೆ ಉಬ್ಬಿದ್ದನ್ನು ನೋಡಿ, ಇವತ್ತು ಪಾಠ ಜೋರಾಗಿಯೇ ಇದೆ ಎಂದುಕೊಂಡೆ.

ಹನ್ನೊಂದು ಜನ ಕೂತಿದ್ದೆವು. ನನ್ನ ಪಕ್ಕದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಯಜಮಾನರು. ಅವರು ಶ್ರುತಿ ಪೆಟ್ಟಿಗೆ ಶುರುವಾದ ತಕ್ಷಣ ಕಣ್ಣು ಮುಚ್ಚಿದರೆ, ತೆಗೆಯುತ್ತಿದ್ದದ್ದು ಕಾಫಿ ಬಂದಾಗ. ಹಿಂದುಗಡೆ ಮನೆಕೆಲಸದ ಅಕ್ಕ ನೆಲ ಒರೆಸುತ್ತಿದ್ದರು. ಕುಂಬಾರಕೊಪ್ಪಲಿನಿಂದ ಬರುವ ಈ ಅಕ್ಕನಿಗೆ ನಮ್ಮ ಮೇಲೆ ಮೊದಲಿಂದಲೂ ಕನಿಕರ. "ಅಲ್ಲ ಕಣವ್ವ, ಒಂದೇ ಸಾಲ ನಲವತ್ ಸಲ ಯೋಳೀರಲ್ಲ, ಇನ್ನೂವೆ ಬಾಯಿಗ್ ಬಂದಿಲ್ವಾ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ಅಂದು ಮೋಹನ ರಾಗ. ಮೇಡಂ ಮೇಲಿನ ಗಾಂಧಾರಕ್ಕೆ ಹೋಗಿ ನಿಂತರು. ಸ್ವರ ಚೆನ್ನಾಗಿ ನಿಂತಿತ್ತು, ಇದ್ದಕ್ಕಿದ್ದಂತೆ ಕತ್ತರಿಸಿಹೋಯಿತು. ಕೊನೆಯಲ್ಲಿ "ಹ್ಕ್" ಎಂದು ಒಂದು ಸಣ್ಣ ಸದ್ದು.

ನಾವು ಗಾಂಧಾರಕ್ಕೆ ಹೋಗಿ, ನಿಂತು, ಕತ್ತರಿಸಿ, "ಹ್ಕ್" ಎಂದೆವು. ಹನ್ನೊಂದು ಕಂಠ, ಒಟ್ಟಿಗೆ.

ಮೇಡಂ ಕಣ್ಣು ಅರಳಿಸಿ ನಮ್ಮನ್ನು ನೋಡಿದರು. ಮತ್ತೊಂದು "ಹ್ಕ್", ಈ ಸಲ ಇನ್ನೂ ಚಿಕ್ಕದು. ನಾವೂ ಚಿಕ್ಕದಾಗಿ ಒಪ್ಪಿಸಿದೆವು. ಅವರು ಬಲಗೈ ಮೇಲಕ್ಕೆತ್ತಿ ಆಡಿಸಿದರು. ನಮ್ಮ ಪಾಠದಲ್ಲಿ ಹಾಗೆ ಮಾಡಿದರೆ ಸ್ವರ ಸಾಲದು, ಇನ್ನೂ ಏರಿಸಿ ಎಂದರ್ಥ. ಏರಿಸಿದೆವು. ಆ ಕೈ ಇಳಿದು ಅವರ ಕತ್ತಿನ ಹತ್ತಿರ ಹೋಯಿತು. ಎಡಗೈಯಿಂದ ತೊಡೆಯನ್ನು ಪಟಪಟ ಬಡಿದರು. ತಾಳ ಹಾಕಿ ಎನ್ನುತ್ತಿದ್ದಾರೆ ಎಂದುಕೊಂಡು ನಾವೆಲ್ಲ ತಾಳ ಹಾಕಿದೆವು.

ನನಗೆ ತಿಳಿದದ್ದು ಆಗಲೇ. ಅವರಿಗೆ ಅಪಾಯವಾಗಿದೆ ಎಂದಲ್ಲ, ಮೇಡಂ ತಾಳ ತಪ್ಪುತ್ತಿದ್ದಾರೆ ಎಂದು. ಎಡಗೈಯಲ್ಲಿ ತಾಳ ಹಾಕಿದವರನ್ನು ಎಬ್ಬಿಸಿ ಹಿಂದೆ ಕೂರಿಸುವವರು ತಾವೇ ಎಡಗೈಯಲ್ಲಿ ಹಾಕುತ್ತಿದ್ದಾರೆ! ಅದೂ ಎಂಟು ಎಣಿಕೆಯ ಸಾಧಾರಣ ತಾಳ, ಹಾಲು ಕುಡಿಯುವ ಮಗುವೂ ತಪ್ಪುವುದಿಲ್ಲ. ಪೆಟ್ಟು ಎಲ್ಲೆಲ್ಲಿಗೋ ಬೀಳುತ್ತಿದೆ. ಹತ್ತೊಂಬತ್ತು ವರ್ಷದ ಆಸೆ ಕೈಗೂಡಿದ ಆ ಕ್ಷಣದಲ್ಲಿ ನನ್ನ ಮುಖದ ಮೇಲೆ ನಗು ಬಂತು. ನಾನು ಪೆಟ್ಟುಗಳನ್ನು ಒಂದೊಂದಾಗಿ ಎಣಿಸಿಕೊಂಡೆ. ಆವರ್ತ ಮುಗಿದು ಮೊದಲ ಎಣಿಕೆಗೆ ಬರಲಿ, ಆಮೇಲೆ ಏನಾಯಿತೆಂದು ನೋಡೋಣ ಎಂದು ಕಾದೆ. ಮಧ್ಯದಲ್ಲಿ ಎದ್ದರೆ ಮರ್ಯಾದೆಯಲ್ಲ.

ನಾವು ಹಾಡುತ್ತಿದ್ದ ವೇಗದಲ್ಲಿ ಎಂಟು ಎಣಿಕೆಗೆ ಹತ್ತು ಸೆಕೆಂಡು ಹಿಡಿಯುತ್ತದೆ. ಆಮೇಲೆ ಮನೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ಹಾಡಿ ನೋಡಿದ್ದೇನೆ. ಒಂದು ಸಲವಲ್ಲ.

"ಅಯ್ಯೋ ನಿಮ್ಮ! ಉಸ್ರು ಕಟ್ಟೋಗದೆ ಕಣ್ರವ್ವೋ!"

ಅಕ್ಕ ಒರೆಸುವ ಬಟ್ಟೆ ಎಸೆದು ನಮ್ಮ ನಡುವೆಯೇ ನುಗ್ಗಿದರು. ಯಾರದೋ ಪುಸ್ತಕ ತುಳಿದರು, ನನ್ನ ಕೈಯನ್ನೂ ತುಳಿದರು. ಮೇಡಂ ಸೊಂಟಕ್ಕೆ ಒಂದು ಕೈ ಕೊಟ್ಟು ಮುಂದಕ್ಕೆ ಬಗ್ಗಿಸಿ, ಒದ್ದೆ ಅಂಗೈಯಿಂದ ಬೆನ್ನ ನಡುವೆ ಗುದ್ದಿದರು. "ಉಗೀರಮ್ಮ! ಉಗೀರಿ!" ಒಂದು, ಎರಡು, ಮೂರು. ಮೂರನೆಯದಕ್ಕೆ ಕಲ್ಲುಸಕ್ಕರೆ ಹಾರಿ ಬ್ಯಾಂಕಿನ ಯಜಮಾನರ ತೆರೆದ ನೋಟ್‌ಬುಕ್ಕಿನ ಮೇಲೆ ಬಿತ್ತು.

ಮೇಡಂ "ಹಾ..." ಎಂದು ಉದ್ದಕ್ಕೆ ಉಸಿರೆಳೆದರು.

ಬ್ಯಾಂಕಿನ ಯಜಮಾನರು, ಕಣ್ಣು ಮುಚ್ಚಿಕೊಂಡೇ, "ಹಾ..." ಎಂದು ಒಪ್ಪಿಸಿದರು.

ಅಕ್ಕ ಅವರ ಕಡೆ ತಿರುಗಿ, "ಇವ್ರಿಗೂ ಒಂದ್ ಬುಡ್ಲಾ?" ಎಂದು ನನ್ನನ್ನು ಕೇಳಿದರು.

ಶ್ರುತಿ ಪೆಟ್ಟಿಗೆಯನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದರ ಪಾಡಿಗೆ ಅದು ಮೊರೆಯುತ್ತಿತ್ತು. ನಾನು ನೀರು ತಂದೆ, ಅರ್ಧ ಚೆಲ್ಲಿದೆ. ಮೇಡಂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಕ್ಕ ಅವರ ಬೆನ್ನು ನೀವುತ್ತಾ ನಮ್ಮನ್ನು ತರಾಟೆಗೆ ತೆಗೆದುಕೊಂಡರು.

"ಅನ್ನೊಂದ್ ಜನ ಓದ್ದೋರು ಕೂತಿದ್ದೀರಿ. ಎಮ್ಮೆ ಕೆಮ್ಮುದ್ರೂ ಎದ್ದೋಗಿ ನೋಡ್ತೀವಪ್ಪ ನಾವು."

"ನಾವು ಹಾಡು ಅಂದ್ಕೊಂಡ್ವಿ ಅಕ್ಕ" ಎಂದೆ.

"ನಂಗೆ ದಿನಾ ಅಂಗೇ ಕೇಳ್ಸೋದು. ಇವತ್ತು ಮೊಕ ನೋಡ್ದೆ, ಅಷ್ಟೇಯ."

ಐದು ನಿಮಿಷವಾದ ಮೇಲೆ ಮೇಡಂ ಬಾಯಿ ತೆರೆದರು. ಸ್ವರ ಗರಗರ ಎನ್ನುತ್ತಿತ್ತು. "ಆ ಗಾಂಧಾರ... ತಗ್ಸಿದ್ದು ಯಾರು?"

ಬ್ಯಾಂಕಿನ ಯಜಮಾನರು ಮೆಲ್ಲಗೆ ಕೈ ಎತ್ತಿದರು.

ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವಳು. ಗಂಟಲಿನ ಚಿತ್ರ ಬರೆದು, ಅನ್ನನಾಳ ಇದು, ಶ್ವಾಸನಾಳ ಇದು, ಮುಚ್ಚಳ ಇಲ್ಲಿ ಎಂದು ಗುರುತಿಸಿ ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಆ ಮುಚ್ಚಳದ ಹತ್ತಿರ ಕಲ್ಲೊಂದು ಸಿಕ್ಕಿಕೊಂಡಾಗ ನಾನು ಮೂರು ಅಡಿ ದೂರದಲ್ಲಿ ಕೂತು ಅದನ್ನು ಶ್ರುತಿಬದ್ಧವಾಗಿ ಹಾಡಿದೆ. ಇದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಾನೂ ನಗುವಂತೆಯೇ ಹೇಳುತ್ತೇನೆ. ಆದರೆ ಒಬ್ಬಳೇ ಪಾತ್ರೆ ತೊಳೆಯುವಾಗ ಆ "ಹ್ಕ್" ಕೇಳಿಸುತ್ತದೆ. ಅವರದ್ದಲ್ಲ, ನಮ್ಮದು. ಅದರೊಳಗೆ ನನ್ನ ದನಿ ಯಾವುದೆಂದು ನನಗೆ ಗೊತ್ತು.

ಮಂಗಳವಾರ ಹೂಟಗಳ್ಳಿಯ ಪಾಠದಲ್ಲಿ ಮಕ್ಕಳನ್ನು ಪರೀಕ್ಷಿಸೋಣ ಎನಿಸಿತು. ಹಾಡುತ್ತಾ ಹಾಡುತ್ತಾ ನಿಲ್ಲಿಸಿ, ಕತ್ತು ಹಿಡಿದುಕೊಂಡು "ಹ್ಕ್" ಎಂದೆ. ಎಂಟು ಮಕ್ಕಳೂ ಕತ್ತು ಹಿಡಿದುಕೊಂಡು "ಹ್ಕ್" ಎಂದರು. ಎಷ್ಟು ಒಪ್ಪವಾಗಿ ಅಂದರೆ, ಬೇರೆ ದಿನವಾಗಿದ್ದರೆ ಶಭಾಷ್ ಎನ್ನುತ್ತಿದ್ದೆ.

"ಹಾಗಲ್ಲ, ಎದ್ದು ಬರಬೇಕು!" ಎಂದು ಕೂಗಿದೆ.

"ಹಾಗಲ್ಲ, ಎದ್ದು ಬರಬೇಕು!" ಎಂದು ಹಾಡಿದರು. ಒಬ್ಬಳು ಕೊನೆಗೆ ಒಂದು ಗಮಕವನ್ನೂ ಹಾಕಿದಳು.

ಗುರುವಾರ ಮೇಡಂ ಫೋನು ಮಾಡಿ, ಒಬ್ಬಳೇ ಬಾ ಎಂದರು. ಹೋದೆ. ಹಜಾರದಲ್ಲಿ ಎದುರಿಗೆ ಕೂರಿಸಿಕೊಂಡು ನೇರವಾಗಿ ಹೇಳಿದರು.

"ಅವತ್ತು ನೀನ್ ನಗ್ತಿದ್ದೆ."

ಈ ಮಾತು ಬಂದೇ ಬರುತ್ತದೆಂದು ನಾಲ್ಕು ದಿನದಿಂದ ಹೆದರಿದ್ದೆ. ಇವರು ಉಸಿರಿಗಾಗಿ ಒದ್ದಾಡುತ್ತಾ ಹನ್ನೊಂದು ಮುಖಗಳನ್ನು ನೋಡಿದಾಗ, ಅದರಲ್ಲೊಂದು ನಗುತ್ತಿತ್ತು. ಅದನ್ನೇ ನೋಡುತ್ತಾ ಹೋಗಿಬಿಟ್ಟಿದ್ದರೆ?

"ಹೌದು ಮೇಡಂ."

"ಯಾಕೇ? ನಾನ್ ಸಾಯೋದು ಅಷ್ಟ್ ಚೆನ್ನಾಗಿತ್ತಾ?"

"ನೀವು... ತಾಳ ತಪ್ಪಿದ್ರಿ."

ಅವರ ಬೆನ್ನು ನೆಟ್ಟಗಾಯಿತು. "ಯಾರು? ನಾನಾ?"

"ಎಡಗೈಲಿ ಹಾಕಿದ್ರಿ. ಪೆಟ್ಟುಗಳೂ ಸರಿ ಬೀಳ್ಲಿಲ್ಲ."

"ಹಾಕ್ ತೋರ್ಸು."

"ಬೇಡ ಮೇಡಂ."

"ಹಾಕೇ ಅಂದೆ."

ನಾನು ಎಡಗೈಯಿಂದ ತೊಡೆ ಬಡಿದೆ. ನಾಲ್ಕು ದಿನದಿಂದ ಕಣ್ಣೆದುರೇ ಇದ್ದದ್ದು, ಒಂದೂ ತಪ್ಪಲಿಲ್ಲ. ಮೊದಲು ಬೇಗಬೇಗ ಮೂರು. ಒಂದು ಬಿಡುವು. ಮತ್ತೆರಡು, ಮೊದಲಿನಷ್ಟು ಜೋರಿಲ್ಲ. ದೊಡ್ಡ ಬಿಡುವು. ಆಮೇಲೆ ಇನ್ನೊಂದು, ಬಟ್ಟೆಯ ಮೇಲೆ ಕೈ ಇಟ್ಟಷ್ಟು ಮೆಲ್ಲಗೆ. ಅಲ್ಲಿಗೆ ನಿಂತೆ. ಅವರ ಕೈಯೂ ಅಲ್ಲಿಗೇ ನಿಂತಿತ್ತು. ಮುಂದಿನ ಪೆಟ್ಟು ಬಿದ್ದದ್ದು ಬೆನ್ನಿಗೆ, ಅಕ್ಕನದು.

ಮೇಡಂ ಬಲಗೈಯಲ್ಲಿ ಬೆರಳು ಮಡಿಸುತ್ತಾ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಬೆರಳು ಬಿಡಿಸಿದರು.

"ಹೌದು ಕಣೇ. ತಪ್ಪಿದ್ದೀನಿ."

ಇಷ್ಟು ವರ್ಷ ಕಾದು ಕೇಳಿಸಿಕೊಂಡ ಮಾತು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. "ಇಲ್ಲ ಮೇಡಂ, ನಂದೇ ಲೆಕ್ಕ ತಪ್ಪಿರ್ಬೇಕು" ಎಂದೆ.

"ಸುಮ್ನಿರು. ಸರಿಯಾಗೇ ಹಿಡ್ದಿದ್ದೀಯ. ಇನ್ಮೇಲೆ ನಾನ್ ತಪ್ಪಿದ್ರೆ ಆವರ್ತ ಮುಗಿಯೋವರ್ಗೂ ಕಾಯ್ಬೇಡ. ಎದ್ ಬಂದು ಒಂದ್ ಗುದ್ದು." ಶ್ರುತಿ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಬ್ಯಾಂಕಿನೋರ್ ಮುಂದೆ ಮಾತ್ರ ಇದ್ನೆಲ್ಲ ಆಡ್ಬೇಡ" ಎಂದರು.

ಶ್ರುತಿ ಹಾಕಿದರು. ಒಂದು ಸಾಲು ಹಾಡಿ, ಒಪ್ಪಿಸು ಎಂಬಂತೆ ನನ್ನ ಕಡೆ ನೋಡಿದರು. ನಾನು ಸಾಲನ್ನು ಕೇಳಿಸಿಕೊಂಡೇ ಇರಲಿಲ್ಲ, ಅವರ ಕೆನ್ನೆಯನ್ನು ನೋಡುತ್ತಿದ್ದೆ.

ಮೇಡಂಗೆ ಅರ್ಥವಾಯಿತು. ಬಾಯಿ ಅಗಲಿಸಿ, ನಾಲಿಗೆ ಎಡಕ್ಕೆ ಹೊರಳಿಸಿ, ಬಲಕ್ಕೆ ಹೊರಳಿಸಿ, ಮಾತ್ರೆ ನುಂಗಿದ ಮಗುವಿನಂತೆ ತೋರಿಸಿದರು.

"ನೋಡ್ಕೊಂಡ್ಯಾ? ಏನೂ ಇಲ್ಲ. ಈಗ ಹಾಡು."

ಇನ್ನೊಂದು ಸಲ ತೋರಿಸಿ ಎಂದೆ. ಬೈಯುತ್ತಲೇ ತೋರಿಸಿದರು. ಆಮೇಲೆ ಹಾಡಿದೆ.