ಇಬ್ಬರೂ ಬರೆದುಕೊಟ್ಟ ಆದಾಯ

ತಿಂಗಳಿಗೆ ಎಂಟು ಸಾವಿರ. ಬೇರೆಯಾದ ಮೇಲೆ ಮಗಳ ಜೀವನಾಂಶಕ್ಕೆ ನಾನು ಹಾಕಿದ ಕೇಸಿನಲ್ಲಿ, ನನ್ನ ಗಂಡ ಕೋರ್ಟಿಗೆ ಕೊಟ್ಟ ಅಫಿಡವಿಟ್ಟಿನಲ್ಲಿ ತನ್ನ ಆದಾಯ ಅಂತ ಬರೆದಿದ್ದು ಅಷ್ಟೇ. ಜಮೀನು ಅಪ್ಪನ ಹೆಸರಿನಲ್ಲಿದೆ, ನಾನು ಅದರಲ್ಲಿ ಕೂಲಿಯವನ ಹಾಗೆ, ರೇಷ್ಮೆ ಬೆಳೆ ಮೇಲಿಂದ ಮೇಲೆ ಕೈಕೊಟ್ಟಿದೆ, ಮಗಳಿಗೆ ತಿಂಗಳಿಗೆ ಎರಡು ಸಾವಿರ ಕೊಡಬಲ್ಲೆ ಅಂತ ಬರೆದಿದ್ದ. ಓದಿ ಮೈಯೆಲ್ಲ ಉರಿದುಹೋಯಿತು. ಶಿಡ್ಲಘಟ್ಟದ ಪಕ್ಕದ ಆ ಮನೆಯಲ್ಲಿ ಒಂಬತ್ತು ವರ್ಷ ಹುಳಕ್ಕೆ ಸೊಪ್ಪು ಹಾಕಿದವಳು ನಾನು. ಯಾವ ಬೆಳೆ ಕೈಕೊಟ್ಟಿತ್ತು, ಯಾವುದು ಕೈಹಿಡಿದಿತ್ತು ಅಂತ ನನಗೇ ಕಥೆ ಹೇಳುತ್ತಾನಾ?

ಮಗಳಿಗೆ ಎಂಟು ವರ್ಷ. ಹುಟ್ಟಿದಾಗಿನಿಂದ ಉಬ್ಬಸ. ಎರಡು ಸಾವಿರ ಅವಳು ಬಾಯಿಗಿಟ್ಟು ಉಸಿರೆಳೆದುಕೊಳ್ಳುವ ಪಂಪು, ಮಾತ್ರೆ, ಡಾಕ್ಟರ ಹತ್ತಿರದ ಓಡಾಟಕ್ಕೇ ಸಾಲದು. ನಾನು ಚಿಕ್ಕಬಳ್ಳಾಪುರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಅದರ ಸಂಬಳದಲ್ಲಿ ಬಾಡಿಗೆ, ಊಟ, ಫೀಸು ಎಲ್ಲ ಕಳೆದು ಮಗುವಿನ ಉಸಿರು ನಡೆಯಬೇಕಿತ್ತು. ಒಂದು ತಿಂಗಳು ಪಂಪು ಮುಗಿದಾಗ ನಾಲ್ಕು ದಿನ ತಡವಾಗಿ ತಂದೆ. ಆ ನಾಲ್ಕು ರಾತ್ರಿಯೂ ಅವಳನ್ನು ಎದೆಗೊರಗಿಸಿಕೊಂಡು ಕೂತೇ ಬೆಳಗು ಮಾಡಿದೆ.

ನನ್ನ ವಕೀಲರು ನಡುವಯಸ್ಸಿನ ಹೆಂಗಸು. "ಇಂತಿಷ್ಟು ಪರ್ಸೆಂಟು ಅಂತ ಎಲ್ಲೂ ಬರೆದಿಲ್ಲ ಕಣಮ್ಮ. ಅವನ ಆದಾಯ, ನಿನ್ನ ಆದಾಯ, ಮಗೂ ಖರ್ಚು, ಮೂರನ್ನೂ ತೂಗಿ ನೋಡ್ತಾರೆ. ಅವನದು ಎಂಟು ಸಾವಿರ ಅಲ್ಲ ಅಂತ ತೋರ್ಸೋಕೆ ಏನಿದೆ ನಿನ್ ಹತ್ರ?" ಅಂದರು. ಒಂದು ಚೂರು ಕಾಗದವೂ ಇರಲಿಲ್ಲ. ರೇಷ್ಮೆಗೂಡು ಮಾರಿದ ದುಡ್ಡೆಲ್ಲ ಮಾವನ ಖಾತೆಗೆ ಬೀಳುತ್ತಿತ್ತು.

"ಅವನ ಗೂಡನ್ನ ಬೈಯಿರಿ ಮೇಡಂ," ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವನನ್ನ ಏನಂದ್ರೂ ಸಹಿಸ್ಕೋತಾನೆ. ನಮ್ಮಪ್ಪ ಬೈದಾಗ್ಲೂ ತಲೆ ಬಗ್ಗಿಸ್ಕೊಂಡು ಕೂತಿದ್ದ. ಗೂಡು ಸರಿಯಿಲ್ಲ ಅಂದ್ರೆ ಮಾತ್ರ ತಡ್ಕೊಳಲ್ಲ."

ಅವನು ಕಟಕಟೆಗೆ ಬಂದ ದಿನ ಅತ್ತೆಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಮ್ಮ ವಕೀಲರು ಏನು ಕೇಳಿದರೂ "ಇಲ್ಲ", "ಗೊತ್ತಿಲ್ಲ", ಇವೆರಡೇ ಉತ್ತರ. ಅವನ ವಕೀಲರು ಚೆನ್ನಾಗಿ ಬಾಯಿಪಾಠ ಮಾಡಿಸಿ ಕಳಿಸಿದ್ದರು. ಎರಡು ಸಾವಿರಕ್ಕೇ ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

"ಪಾಪ, ಆದಾಯ ಎಲ್ಲಿಂದ ಬರ್ಬೇಕು ಬಿಡಿ," ಅಂದರು ವಕೀಲರು. "ನಿಮ್ಮ ಗೂಡು ಮಾರ್ಕೆಟ್ಟಿಗೆ ಬಂದ್ರೆ ನೂಲು ತೆಗೆಯೋ ರೀಲರುಗಳು ಮುಟ್ಟಿ ನೋಡಿ ಹಂಗೇ ಮುಂದಕ್ಕೆ ಹೋಗ್ತಾರಂತೆ. ಬರೀ ಜೊಳ್ಳಂತೆ."

ಅವನ ಕಿವಿ ಕೆಂಪಾಯಿತು. "ಯಾರ್ರೀ ಹೇಳಿದ್ದು? ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳಕ್ಕೆ ಎಂಬತ್ತು ಕೆಜಿಗಿಂತ ಕಮ್ಮಿ ಗೂಡು ತೆಗ್ದಿದ್ದೇ ಇಲ್ಲ ನಾನು! ಹೋಗಿ ಕೇಳಿ ಮಾರ್ಕೆಟ್ಟಲ್ಲಿ, ಹರಾಜಲ್ಲಿ ಯಾರ ಲಾಟಿಗೆ ಜಾಸ್ತಿ ಕೂಗ್ತಾರೆ ಅಂತ!"

"ನೋರು ಮುಯ್ಯರಾ!" ಬಾಯಿ ಮುಚ್ಚೋ ಅಂತ ಅತ್ತೆ ತೆಲುಗಿನಲ್ಲಿ ಕಿರುಚಿದರು. ಎಲ್ಲಿ ಮುಚ್ಚುತ್ತಾನೆ!

ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. "ವರ್ಷಕ್ಕೆ ಎಷ್ಟು ಬೆಳೆ?"

"ಎಂಟು ಸ್ವಾಮಿ."

"ನೋಡ್ಕೊಳೋರು ಯಾರು?"

"ನಾನೇ. ನಮ್ಮಪ್ಪಂಗೆ ಕಣ್ಣು ಕಾಣಲ್ಲ."

ಸುಳ್ಳ, ಸಿಕ್ಕಿಬಿದ್ದೆಯಾ, ಅಂದುಕೊಂಡೆ. ಎಷ್ಟು ಹಿಗ್ಗಾಯಿತು ಅಂತ ಹೇಳಲಾರೆ. ಅಷ್ಟರಲ್ಲಿ ನ್ಯಾಯಾಧೀಶರು ನನ್ನ ಕಡೆ ತಿರುಗಿದರು.

"ಏನಮ್ಮ, ಸಂಬಳ ಬಿಟ್ಟು ನಿಮಗೆ ಬೇರೆ ಆದಾಯ ಏನಾದ್ರೂ ಇದೆಯಾ?"

ಇತ್ತು. ಸಂಜೆ ಹೊತ್ತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದೆ. ಒಂದು ಅಂಗಡಿಯವರು ವಾರಕ್ಕೊಂದು ಗಂಟು ಕಳಿಸುತ್ತಿದ್ದರು. ಮದುವೆಗಳ ಕಾಲದಲ್ಲಿ ಸಂಬಳದ ಅರ್ಧದಷ್ಟು ಅದರಲ್ಲೇ ಬರುತ್ತಿತ್ತು. ಬರೆದರೆ ಮಗಳ ಪಾಲು ಕಡಿಮೆಯಾಗುತ್ತದೆ ಅಂತ ಹೆದರಿ ನನ್ನ ಅಫಿಡವಿಟ್ಟಿನಲ್ಲಿ ಬರೆದಿರಲಿಲ್ಲ. ವಕೀಲರಿಗೂ ಹೇಳಿರಲಿಲ್ಲ. ಗೊತ್ತಿದ್ದವನು ಅಲ್ಲಿ ಒಬ್ಬನೇ. ಮಗಳನ್ನು ಕರೆದುಕೊಂಡು ಹೋಗಲು ಭಾನುವಾರ ಬಂದಾಗೆಲ್ಲ ಆ ಸೀರೆಗಳು ನನ್ನ ಮಂಚದ ತುಂಬ ಹರಡಿರುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ್ದ.

"ಇಲ್ಲ ಸ್ವಾಮಿ," ಅಂದೆ.

ಅವನು ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ಕಾದೆ. ಅವನ ವಕೀಲರು ಎದ್ದು, "ಏನಾದ್ರೂ ಹೇಳೋದಿದೆಯೇನಪ್ಪ?" ಅಂತ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

ಕೆಲವು ದಿನಗಳಾದ ಮೇಲೆ ಆದೇಶ ಬಂತು. ನಾನು ಕೇಳಿದ್ದಕ್ಕಿಂತ ಸ್ವಲ್ಪವೇ ಕಡಿಮೆ. ವಕೀಲರು ಬೆನ್ನು ತಟ್ಟಿ, ಗೆದ್ದುಬಿಟ್ಟೆ ಕಣಮ್ಮ ಅಂದರು. ಕೋರ್ಟಿನ ಮೆಟ್ಟಿಲು ಇಳಿಯುವಾಗ ಅವನು ಪಕ್ಕಕ್ಕೆ ಬಂದ. ಜಗಳಕ್ಕೇ ಬಂದ ಅಂತ ಚೀಲ ಗಟ್ಟಿಯಾಗಿ ಹಿಡಿದುಕೊಂಡೆ.

"ಈ ಭಾನುವಾರ ಅಮ್ಮನೂ ಬರ್ತಾಳೆ," ಅಂದ, ನನ್ನ ಮುಖ ನೋಡದೆ. "ಆ ಸೀರೆಗಳನ್ನ ಒಳಗೆ ಎತ್ತಿಡು."

ಹೂಂ ಅಂದೆ. ತಲೆ ಎತ್ತಲು ಆಗಲಿಲ್ಲ.