ಡೇರಿ ಹೊತ್ತಿಗೆ ನಿಲ್ಲುವ ಕಾರ್ಖಾನೆ

ಕಾರ್ಖಾನೆ ಶುರುವಾದ ಮೊದಲ ದಿನವೇ, ಪಾಳಿ ಮುಗಿಯಲು ಇನ್ನೂ ಹೊತ್ತಿರುವಾಗ, ನಮ್ಮ ಹೆಣ್ಣುಮಕ್ಕಳೆಲ್ಲ ಒಟ್ಟಿಗೇ ಎದ್ದು ಕೈ ತೊಳೆದು ಗೇಟಿನ ಕಡೆ ನಡೆದರು. ಮುಷ್ಕರವೇ ಇರಬೇಕೆಂದು ಓಡಿಹೋಗಿ ಅಡ್ಡ ನಿಂತೆ. ಎಲ್ಲರಿಗಿಂತ ಮುಂದಿದ್ದವಳು ಬೂಕನಕೆರೆಯ ಜಯಮ್ಮ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. "ಡೇರಿ ಒತ್ತಾಯ್ತು ಮೇಡಮ್, ಆಲಾಕ್ಬೇಕು" ಎಂದವಳೇ ನನ್ನ ಪಕ್ಕದಿಂದ ನುಸುಳಿ ಹೊರಟುಹೋದಳು.

ಹುಬ್ಬಳ್ಳಿಯ ನನ್ನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಡೇರಿ ಎಂದರೆ ಹಾಲು ಕೊಳ್ಳುವ ಅಂಗಡಿಯಲ್ಲ, ಊರವರು ಹಾಲು ಅಳೆದು ಹಾಕುವ ಸಂಘ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಮನೆ ಸೇರಿ, ಹಸು ಕರೆದು, ಕ್ಯಾನು ಹಿಡಿದು ನಿಂತಿರಬೇಕು. ಹೊತ್ತು ಮೀರಿದರೆ ಆ ಹಾಲನ್ನು ಕೇಳುವವರಿಲ್ಲ.

ನಾವು ಇಲ್ಲಿಗೆ ಬಂದದ್ದೇ ಹೆದರಿಕೊಂಡು. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗಳನ್ನೆಲ್ಲ ಹುಬ್ಬಳ್ಳಿಯ ಒಂದೇ ಶೆಡ್ಡಿನಲ್ಲಿ ಮಾಡುತ್ತಿದ್ದೆವು. ಒಂದು ಮಳೆಗಾಲ ಅದರೊಳಗೆ ನೀರು ನುಗ್ಗಿ ಕೆಲಸ ನಿಂತಿತು, ಗಿರಾಕಿಗಳು ಬೇರೆಯವರನ್ನು ಹಿಡಿದರು. ಇನ್ನು ಒಂದೇ ಜಾಗ ನಂಬಿ ಕೂರಬಾರದೆಂದು ನಮ್ಮ ಸಾವಕಾರರು ದೂರದಲ್ಲಿ ಎರಡನೆಯ ಶೆಡ್ಡು ಹುಡುಕಲು ಹೊರಟರು. ಅವರ ಕೈಕೆಳಗೆ ದುಡಿಯುವ ನಾನೂ ಜೊತೆಗೆ ಸುತ್ತಿದೆ. ಶ್ರೀರಂಗಪಟ್ಟಣದಲ್ಲಿ ಬೆಲೆ ಕೇಳಿ ಅವರು ಕಾರಿನಿಂದ ಇಳಿಯಲೇ ಇಲ್ಲ. ಪಾಂಡವಪುರದಲ್ಲಿ ನೋಡಿದ್ದು ನಾಲೆಗೆ ಅಂಟಿಕೊಂಡಿತ್ತು. ನೀರಿಗೆ ಹೆದರಿ ಬಂದವರು ಮತ್ತೆ ನೀರಿನ ಪಕ್ಕ ಕೂರುವುದೇ? ನಾಗಮಂಗಲದ ಶೆಡ್ಡಿನ ಮುಂದೆ ಲಾರಿ ತಿರುಗುವಷ್ಟು ಜಾಗವಿರಲಿಲ್ಲ. ಕಡೆಗೆ ಕೆ.ಆರ್. ಪೇಟೆ ಗಟ್ಟಿಯಾಯಿತು. ನೋಡಿಕೊಳ್ಳುವವರು ಯಾರು ಎಂಬ ಮಾತು ಬಂದಾಗ ನಾನೇ ಮುಂದಾದೆ.

ಶೆಡ್ಡು ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಹೋದಲ್ಲೆಲ್ಲ ಯಜಮಾನರು ಎಲ್ಲಿ ಎಂದು ಕೇಳುತ್ತಿದ್ದರು. ಮದುವೆಯಾಗಿಲ್ಲ, ನಾನೇ ಯಜಮಾನಿ ಎಂದು ಹೇಳಿ ಹೇಳಿ ಬಾಯಿ ನೋಯಿತು. ರೊಟ್ಟಿ ಬಡಿಯುವ ಸದ್ದಿಲ್ಲದ ಓಣಿಯಲ್ಲಿ ಒಬ್ಬಳೇ ಉಣ್ಣಲು ಕೂತರೆ ಅಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಮುದ್ದೆಯನ್ನು ಅಗಿಯದೆ ನುಂಗುವುದನ್ನು ಜಯಮ್ಮ ಕಲಿಸಿದಳು. ನಾನು "ಹೊಂಟೀನಿ" ಅಂದರೆ ಇಡೀ ಶೆಡ್ಡು ನಗುತ್ತಿತ್ತು. ನಗಲಿ. ಮುದ್ದೆ ಕಲಿತೆ, ಮಾತು ಮಾತ್ರ ಬದಲಿಸಲಿಲ್ಲ.

ಇಲ್ಲಿ ಸಂಬಳ ಬರುವಾಗ ಇನ್ನೂ ಈ ಹಸುವಿನ ಗೋಜು ಯಾಕೆ ಎಂದು ಒಂದು ದಿನ ಜಯಮ್ಮನನ್ನು ರೇಗಿಯೇ ಕೇಳಿದೆ. ಅವಳು ವಯರು ಸುಲಿಯುತ್ತ, ತಲೆ ಎತ್ತದೆ ಹೇಳಿದಳು: "ಪ್ಯಾಕ್ಟ್ರಿ ಇವತ್ತೈತೆ. ನಾಳೀಕೆ ನೀವು ಬೀಗ ಜಡ್ಕೊಂಡು ಓಗ್ಬುಟ್ರೆ, ನಮ್ ಕೈ ಇಡಿಯೋದು ಆ ಅಸಾನೇ ತಾನೇ?"

ಮರುವಾರದಿಂದ, ಸಾವಕಾರರನ್ನು ಕೇಳದೆಯೇ, ಪಾಳಿ ಬೇಗ ಶುರುವಾಗಿ ಬೇಗ ಮುಗಿಯುವಂತೆ ಮಾಡಿದೆ. ಬೆಳಗಿನ ಹಾಲು ಹಾಕಿದವರು ನೇರ ಶೆಡ್ಡಿಗೆ ಬರುತ್ತಾರೆ, ಸಂಜೆಯ ಡೇರಿಗೆ ಮೊದಲೇ ಹೊರಡುತ್ತಾರೆ. ಪೆಟ್ಟಿಗೆಗಳೇನೂ ಕಡಿಮೆಯಾಗಲಿಲ್ಲ.

ಆದರೂ ಸುದ್ದಿ ಹುಬ್ಬಳ್ಳಿಗೆ ಮುಟ್ಟಿತು. ಸಾವಕಾರರು ಫೋನ್ ಮಾಡಿ, ಹಸುವಿನ ಹೊತ್ತು ನೋಡಿ ನಡೆಯುವ ಕಾರ್ಖಾನೆಯನ್ನು ನಂಬುವುದು ಹೇಗೆ, ಅಲ್ಲಿನವರಿಗೆ ಶಿಸ್ತಿಲ್ಲ, ಅದನ್ನು ಮುಚ್ಚಿ ಬೇರೆ ಕಡೆ ನೋಡೋಣ, ನೀನು ವಾಪಸು ಬಂದುಬಿಡು ಎಂದರು. ವಾಪಸು! ಆ ಒಂದು ಮಾತಿಗೆ ನಾನು ಎಷ್ಟು ಸಂಜೆ ಕಾದಿದ್ದೆನೋ. ಕಾದದ್ದು ಕೈಗೆ ಬಂದಾಗ ಮಾತ್ರ ಮೈಯೆಲ್ಲ ಉರಿಯಿತು.

"ಸಾವಕಾರ್ರ, ನೀವು ಎರಡು ಕಡೆ ಕಾಲಿಟ್ರ ಶಾಣೇತನ, ಈ ಹೆಣ್ಮಕ್ಳು ಇಟ್ರ ಶಿಸ್ತಿಲ್ಲೇನ್ರಿ?" ಎಂದೆ. ಮುಚ್ಚುವುದಾದರೆ ಬೀಗ ಹಾಕಲು ಬೇರೆ ಯಾರನ್ನಾದರೂ ಕಳಿಸಿ, ನಾನಂತೂ ಹಾಕುವುದಿಲ್ಲ ಎಂದೂ ಸೇರಿಸಿದೆ. ಕಡೆಗೆ ಅವರು, ದೀಪಾವಳಿತನಕ ನೋಡೋಣ ಎಂದು ಫೋನ್ ಇಟ್ಟರು.

ಇದನ್ನು ಶೆಡ್ಡಿನಲ್ಲಿ ಎಲ್ಲರಿಗೂ ಮುಚ್ಚಿಡದೆ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗಾದರೆ ದೀಪಾವಳಿ ಆದಮೇಲೆ ನೀವು ಹೋಗುತ್ತೀರಾ ಎಂದು ಜಯಮ್ಮ ಕೇಳಿದಳು. ಇಲ್ಲವೆಂದು ಆಣೆ ಮಾಡಲು ನನಗೆ ಬಾಯಿ ಬರಲಿಲ್ಲ. ಅವಳು ಬಿಡಬೇಕಲ್ಲ: "ನೀವೂ ಒಂದು ಅಸಾ ಕಟ್ಬುಡಿ ಅಕ್ಕ. ಆಮೇಕೆ ಎಲ್ಲಿಗೂ ಓಗಾಕಾಗಕಿಲ್ಲ." ಮೇಡಮ್ ಹೋಗಿ ಅಕ್ಕ ಬಂದದ್ದು ಅವತ್ತೇ.

ದೀಪಾವಳಿ ಇನ್ನೂ ಬಂದಿಲ್ಲ, ಹಸುವನ್ನೂ ಕಟ್ಟಿಲ್ಲ. ಕೊಟ್ಟಿಗೆ ಇರುವ ಮನೆಯೊಂದನ್ನು ನೋಡಿ ಮುಂಗಡ ಕೊಟ್ಟಿದ್ದೇನೆ. ಹುಬ್ಬಳ್ಳಿಯ ಮನೆಯ ಬೀಗದಕೈಯೂ ನನ್ನ ಹತ್ತಿರವೇ ಇದೆ, ಆ ಮನೆಯನ್ನು ಬಾಡಿಗೆಗೆ ಕೊಡುವುದಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ಅಲ್ಲಿನ ನಮ್ಮ ಓಣಿಯಲ್ಲಿ ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಎರಡು ಕಡೆಯೂ ಇದ್ದೇನೆ. ಏನೀಗ?