ಅಂಗಡಿಗೆ ತೋರಿಸು

ಅಪ್ಪ ತೀರಿಕೊಂಡ ನಾಲ್ಕನೆಯ ದಿನ ಅಪ್ಪನ ಫೋನಿನಿಂದ ನನಗೊಂದು ಮೆಸೇಜು ಬಂತು. ‘ಅಂಗಡಿಗೆ ತೋರಿಸು ಮಗಳೇ, ಸರಿ ಮಾಡಿಕೊಡ್ತಾರೆ’ ಎಂದಿತ್ತು. ಅಪ್ಪ ಇಲ್ಲವೆಂಬುದು ಆಗ ನನಗೆ ಗೊತ್ತಿರಲಿಲ್ಲ. ಜಪಾನಿನ ಕಾಶಿವಾ ಎಂಬ ಊರಿನ ವಿದ್ಯಾರ್ಥಿನಿಲಯದ ಸೈಕಲ್ ಸ್ಟ್ಯಾಂಡಿನಲ್ಲಿ, ಗಾಳಿ ಇಳಿದ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನು ಓದಿದೆ. ಓದಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು.

ಅಪ್ಪನದು ತಿಪಟೂರಿನಲ್ಲಿ ಸೈಕಲ್ ಅಂಗಡಿ. ಬಾಡಿಗೆಗೆ ಸೈಕಲ್ ಕೊಡುವ ಕಾಲದಿಂದ, ಯಾರೂ ಬಾಡಿಗೆಗೆ ಕೇಳದ ಕಾಲದವರೆಗೆ ಅದೇ ಅಂಗಡಿಯಲ್ಲಿ ಕೂತವನು. ಅವನು ತನ್ನ ಮಗಳಿಗೆ ಬೇರೆ ಅಂಗಡಿಗೆ ಹೋಗು ಅನ್ನುವವನಲ್ಲ. ಸಾಲದ್ದಕ್ಕೆ ಅವನು ಟೈಪ್ ಮಾಡುತ್ತಲೇ ಇರಲಿಲ್ಲ. ಗ್ರೀಸು ಮೆತ್ತಿದ ಹೆಬ್ಬೆರಳಿನಿಂದ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ ಕಳಿಸುತ್ತಿದ್ದ. ಹಿನ್ನೆಲೆಯಲ್ಲಿ ಪಂಪಿನ ಉಸ್ ಉಸ್ ಕೇಳುತ್ತಿತ್ತು.

ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವಳು. ಡಿಗ್ರಿ ಮುಗಿಸಿ ಹೇಗೋ ಕಾಶಿವಾದ ಒಂದು ವಿಶ್ವವಿದ್ಯಾಲಯದ ಲ್ಯಾಬು ಸೇರಿದೆ. ಇಲ್ಲಿ ಬಂದ ಕೂಡಲೇ ಎಂ.ಎಸ್‌ಸಿ.ಗೆ ಸೇರಿಸಿಕೊಳ್ಳುವುದಿಲ್ಲ. ಮೊದಲು ಸುಮ್ಮನೆ ಲ್ಯಾಬಿನಲ್ಲಿ ಕೆಲಸ ಕಲಿಯಬೇಕು, ಆಗಸ್ಟಿನಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಹಳೆಯ ವಿದ್ಯಾರ್ಥಿಯೊಬ್ಬರು ಬಿಟ್ಟುಹೋದ ಸೈಕಲ್ ನನಗೆ ಸಿಕ್ಕಿತ್ತು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಕೈಯ ಹಿಡಿಕೆಯಲ್ಲಿ ಒಂದು ಕಿಣಿಕಿಣಿ ಗಂಟೆ. ಇಲ್ಲಿನ ತಾಯಂದಿರು ತರಕಾರಿಗೆ, ಮಕ್ಕಳನ್ನು ಶಾಲೆಗೆ ಬಿಡಲಿಕ್ಕೆ ಓಡಿಸುವಂಥದ್ದು. ಅದರ ಫೋಟೋ ಕಳಿಸಿದಾಗ ಅಪ್ಪ ಎಲ್ಲಕ್ಕಿಂತ ಮೊದಲು ನೋಡಿದ್ದು ಟ್ಯೂಬಿಗೆ ಗಾಳಿ ತುಂಬುವ ವಾಲ್ವನ್ನು.

‘ಅಯ್ಯೋ, ನಮ್ಮ ವಾಲೇ ಕಣವ್ವ ಇದು! ಒಳಗೆ ವಾಲ್‌ಟ್ಯೂಬ್ ಇರತ್ತೆ ನೋಡು. ಇಷ್ಟೆಲ್ಲ ದೊಡ್ಡ ದೇಶ ಅಂತಾರೆ, ವಾಲು ನಂದೇ ಇಟ್ಕೊಂಡವ್ರೆ.’

ಒಮ್ಮೆ ಪೊಲೀಸರೊಬ್ಬರು ರಸ್ತೆಯಲ್ಲಿ ನಿಲ್ಲಿಸಿ, ಸೈಕಲಿಗೆ ಅಂಟಿಸಿದ್ದ ಹಳದಿ ನೋಂದಣಿ ಚೀಟಿಯ ನಂಬರನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿ, ಇದು ನನ್ನದೇ ಎಂದು ಖಚಿತ ಮಾಡಿಕೊಂಡು, ಬಗ್ಗಿ ನಮಸ್ಕರಿಸಿ ಬಿಟ್ಟರು. ಸಂಜೆ ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕ. ‘ನಮ್ಮಲ್ಲೂ ಮುನ್ಸಿಪಾಲ್ಟಿಯೋರು ಸೈಕಲ್‌ಗೆ ಬಿಲ್ಲೆ ಕೊಡೋರು. ಬಿಲ್ಲೆ ಇಲ್ದಿದ್ರೆ ಹಿಡಿಯೋರು. ಹಂಗಾದ್ರೆ ಜಪಾನು ಇನ್ನೂ ನನ್ನ ಕಾಲದಲ್ಲೇ ಐತೆ ಅನ್ನು.’

ಇನ್ನೊಮ್ಮೆ ಸ್ಟೇಷನ್ ಹತ್ತಿರ ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದೆ. ವಾಪಸು ಬರುವಷ್ಟರಲ್ಲಿ ಇಡೀ ಸಾಲೇ ಮಾಯ. ಕಳ್ಳತನವಾಯಿತೆಂದು ಅಳುತ್ತ ಪೊಲೀಸ್ ಚೌಕಿಗೆ ಹೋದರೆ, ಅವರು ಕಾಗದದ ಮೇಲೆ ದಾರಿ ಬರೆದುಕೊಟ್ಟರು. ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದೆ. ಹಿಡಿದುತಂದ ಸೈಕಲುಗಳ ಬಯಲು ಅದು. ಕಾವಲಿನ ಮುದುಕರೊಬ್ಬರು ನನ್ನದನ್ನು ಹುಡುಕಿ, ಟೈರು ಒತ್ತಿ ನೋಡಿ, ಗಾಳಿ ಹೊಡೆದು ಕೈಗಿತ್ತರು. ಇದನ್ನು ಹೇಳಿದಾಗ ಅಪ್ಪನಿಗೆ ಖುಷಿಯೋ ಖುಷಿ. ‘ಹಿಡ್ಕೊಂಡೋದ ಗಾಡಿಗೆ ಗಾಳಿ ಹೊಡ್ದು ಕೊಟ್ರಾ? ಅಂಥ ಊರು ಬಿಟ್ಟು ಬರಬ್ಯಾಡ ಕಣವ್ವ ನೀನು.’

ಹೀಗೆ ದಿನಕ್ಕೊಂದು. ಲ್ಯಾಬು ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತ ನಾನು ಹೇಳುವುದು, ಅಂಗಡಿಯಲ್ಲಿ ಕೂತು ಅವನು ಕೇಳುವುದು. ಪರೀಕ್ಷೆ ಹತ್ತಿರ ಬಂದಾಗ ಹಿಂದಿನ ಚಕ್ರದ ಗಾಳಿ ಇಳಿಯತೊಡಗಿತು. ಬೆಳಿಗ್ಗೆ ಹೊಡೆದರೆ ಸಂಜೆಗೆ ಚಪ್ಪಟೆ. ಪಂಚರ್ ಎಲ್ಲೂ ಕಾಣಲಿಲ್ಲ. ಓದಿನ ಗಡಿಬಿಡಿಯಲ್ಲಿ ನಾಲ್ಕು ದಿನ ಅಪ್ಪನ ಜೊತೆ ಮಾತಾಡಿರಲಿಲ್ಲ. ಅವನಿಗೆ ಮೈಕಿನಲ್ಲಿ ಹೇಳಿ ಕಳಿಸಿದೆ. ಉತ್ತರವಾಗಿ ಬಂದದ್ದು ಆ ಮೆಸೇಜು.

ಮನೆಗೆ ಫೋನು ಮಾಡಿದೆ. ಅಮ್ಮ ಎತ್ತಿದಳು.

‘ನಿಮ್ಮಪ್ಪ ಅರಸೀಕೆರೆಗೆ ಹೋಗವ್ರೆ, ಸಾಮಾನು ತರಕ್ಕೆ.’

‘ನಿನ್ನ ಗಂಟಲೇನಮ್ಮ ಹಂಗಾಗೈತೆ?’

‘ನೆಗಡಿ.’

‘ಯಾರೋ ಬಂದಂಗೈತಲ್ಲ ಮನೇಲಿ, ಗಲಾಟೆ.’

‘ಪಕ್ಕದ್ಮನೇರು. ನೀನು ಓದ್ಕೊ ಹೋಗು.’

ಮಾರನೆಯ ದಿನ ಕೇಳಿದರೆ ಅಪ್ಪನ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬೇಡ ಅಂದಿದ್ದಾರೆ ಅಂದಳು. ನಾನು ನಂಬಿದೆ. ಈಗ ಯೋಚಿಸಿದರೆ, ನಂಬಿಕೆ ಬಂದದ್ದಲ್ಲ, ನಂಬಿದರೆ ನನಗೆ ಅನುಕೂಲವಾಗಿತ್ತು. ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿದ್ದಿತ್ತು. ನನಗೆ ನನ್ನ ಮೇಲೇ ಇರುವ ಸಿಟ್ಟು ಇಲ್ಲಿಂದ ಶುರುವಾಗುತ್ತದೆ.

ಆ ವಾರವೇ ಓಜಿಮಾದ ಅಕ್ಕ ಬಂದರು. ಅವರು ಮೈಸೂರಿನವರು, ಈಗ ಮನೆ ಇಲ್ಲಿನ ಓಜಿಮಾ ಎಂಬ ಬಡಾವಣೆಯಲ್ಲಿ. ಗಂಡ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಎರಡನೆಯ ಕ್ಲಾಸಿನ ಮಗಳಿದ್ದಾಳೆ. ಕನ್ನಡದವರ ಗಣೇಶನ ಹಬ್ಬದಲ್ಲಿ ಪರಿಚಯವಾಗಿ, ನನಗೆ ಇಲ್ಲಿ ಒಡಹುಟ್ಟಿದವರ ಹಾಗೆ ಆಗಿದ್ದರು. ಏನಾದರೂ ಆದರೆ ಇರಲಿ ಎಂದು ಅವರ ನಂಬರನ್ನು ನಾನೇ ಊರಿನ ಭಾವನಿಗೆ, ಅಂದರೆ ನನ್ನ ಸ್ವಂತ ಅಕ್ಕನ ಗಂಡನಿಗೆ, ಕೊಟ್ಟಿದ್ದೆ. ಕೆಲಸದ ದಿನ ಎರಡು ರೈಲು ಬದಲಿಸಿ, ಡಬ್ಬಿಯಲ್ಲಿ ಬಿಸಿಬೇಳೆಭಾತ್ ಹಿಡಿದು ಅವರು ಬಂದದ್ದು ಅದೇ ಮೊದಲು. ನಾನು ಉಣ್ಣುವುದನ್ನೇ ನೋಡುತ್ತ ಕೂತಿದ್ದರು.

‘ಚೆನ್ನಾಗಿ ಓದ್ಕೋ. ಬೇರೆ ಏನೂ ಥಿಂಕ್ ಮಾಡ್ಬೇಡ, ಓಕೆನಾ?’

‘ಏನಕ್ಕ, ನಾನು ಬಸುರಿ ಥರ ನೋಡ್ಕೋತಾ ಇದೀರ!’

ಅವರು ನಗಲಿಲ್ಲ. ನಾನು ನಕ್ಕು, ಇನ್ನೂ ಒಂದು ಸಲ ಹಾಕಿಸಿಕೊಂಡೆ. ನನ್ನಪ್ಪ ಸತ್ತಿದ್ದು ಗೊತ್ತಿದ್ದವರ ಕೈಯಿಂದ ಬಡಿಸಿಕೊಂಡು ತಿಂದೆ.

ಪರೀಕ್ಷೆ ಎರಡು ದಿನ. ಎರಡನೆಯ ಸಂಜೆ ಹೊರಗೆ ಬಂದರೆ ಗೇಟಿನ ಬಳಿ ಅಕ್ಕ, ಅವರ ಯಜಮಾನರು ಇಬ್ಬರೂ ನಿಂತಿದ್ದರು. ಕಲ್ಲುಬೆಂಚಿನ ಮೇಲೆ ಕೂರಿಸಿ ಹೇಳಿದರು. ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡನಂತೆ. ನಾನು ಕೇಳಿದ್ದು ಒಂದೇ, ‘ಯಾವಾಗ?’

‘ಲಾಸ್ಟ್ ವೀಕ್… ಮಂಡೇ.’

ಬೆರಳು ಮಡಚಿ ಎಣಿಸಿದೆ. ಹನ್ನೆರಡನೆಯ ದಿನ. ಹಿಂದಿನ ದಿನ ನಾನು ಮೊದಲ ಪತ್ರಿಕೆ ಬರೆಯುವಾಗ ಅಲ್ಲಿ ಹನ್ನೊಂದರ ಕಾರ್ಯ ನಡೆದಿತ್ತು. ಊಟಕ್ಕೆ ಊರೆಲ್ಲ ಬಂದಿತ್ತಂತೆ. ಊರಿಗೆಲ್ಲ ಗೊತ್ತಿತ್ತು. ಓಜಿಮಾಕ್ಕೂ ಗೊತ್ತಿತ್ತು.

ಅಲ್ಲಿಂದಲೇ ಭಾವನಿಗೆ ಫೋನು ಮಾಡಿದೆ.

‘ಹೇಳಿದ್ರೆ ನೀನು ಎಕ್ಸಾಮು ಬರೀತಿರಲಿಲ್ಲ,’ ಅಂದರು.

‘ಬರೀತಿರಲಿಲ್ಲ. ಅದನ್ನ ತೀರ್ಮಾನ ಮಾಡೋಳು ನಾನು.’

‘ಬಂದಿದ್ರೂ ಏನ್ ಮಾಡ್ತಿದ್ದೆ? ಕೊಳ್ಳಿ ಇಡೋಳು ನೀನಾ?’

‘ಮುಖ ನೋಡ್ತಿದ್ದೆ.’

ಆಮೇಲೆ ನಾನೇ ಕೇಳಿದೆ.

‘ಅಪ್ಪನ ಫೋನಿಂದ ಬರೆದಿದ್ದು ನೀವೇನಾ?’

‘ನಿಂಗೆ ಡೌಟು ಬರಬಾರದು ಅಂತ…’

‘ಅಂಗಡಿಗೆ ತೋರಿಸು ಅಂತಾನೇನ್ರೀ ನಮ್ಮಪ್ಪ? ಇಷ್ಟು ವರ್ಷ ಆ ಮನೆ ಅಳಿಯ ಆಗಿದ್ದು, ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?’

ನನ್ನ ದನಿ ಅಷ್ಟು ಜೋರಾಗಿ ಏಳುತ್ತದೆಂದು ನನಗೇ ತಿಳಿದಿರಲಿಲ್ಲ. ಪರೀಕ್ಷೆ ಮುಗಿಸಿ ಹೋಗುತ್ತಿದ್ದವರು ತಲೆ ತಗ್ಗಿಸಿ ಸುತ್ತುಬಳಸಿ ನಡೆದರು. ಅಕ್ಕ ಹೆಗಲ ಮೇಲೆ ಕೈಯಿಟ್ಟರು. ಕೈ ತೆಗೆಯಿರಿ ಅಂದೆ.

ಸೋಮವಾರ ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ತಂದೆತಾಯಿ ತೀರಿಕೊಂಡರೆ ರಜೆ ಕೊಡುವ ಕ್ರಮ ಇಲ್ಲಿದೆ. ಅರ್ಜಿಯಲ್ಲಿ ಸಾವಿನ ದಿನ ಬರೆಯಬೇಕಿತ್ತು. ಬರೆದೆ. ಕಿಟಕಿಯ ಆಚೆಗಿದ್ದ ಹೆಂಗಸು ಕ್ಯಾಲೆಂಡರ್ ನೋಡಿ, ಮತ್ತೆ ನೋಡಿ, ಸಂಕಟದ ಮುಖ ಮಾಡಿದರು. ರಜೆಯನ್ನು ಸಾವಿನ ದಿನದಿಂದ ಲೆಕ್ಕ ಹಿಡಿಯುತ್ತಾರೆ, ಆ ದಿನಗಳು ಮುಗಿದೇ ಹೋಗಿವೆ. ‘ತಡವಾಗಿ ತಿಳಿಯಿತೇ?’ ಎಂದು ಮೆಲ್ಲಗೆ ಕೇಳಿದರು. ಹೌದು ಅಂದೆ. ಅವರು ಎದ್ದು ನಿಂತು, ಬಹಳ ಹೊತ್ತು ತಲೆ ಬಾಗಿಸಿ, ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿದರು. ಈ ವಿಷಯದಲ್ಲಿ ನನ್ನ ಕ್ಷಮೆ ಕೇಳಿದವರು ಅವರೊಬ್ಬರೇ. ಅವರು ಏನೂ ತಪ್ಪು ಮಾಡಿರಲಿಲ್ಲ.

ನಾನು ಊರಿಗೆ ಹೋಗಲಿಲ್ಲ. ಹೋಗಿ ನೋಡಲಿಕ್ಕೆ ಏನೂ ಉಳಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು, ಪಾಸಾಗಿದ್ದೆ. ಅಮ್ಮ ಅಂದಳು, ‘ನೋಡಿದ್ಯಾ, ಹೇಳದೇ ಇದ್ದಿದ್ದೇ ಒಳ್ಳೇದಾಯ್ತು.’ ಫೋನು ಇಟ್ಟುಬಿಟ್ಟೆ. ಹೊರಗೆ ಹೋಗಿ, ಎಷ್ಟೋ ದಿನದಿಂದ ಹಾಗೇ ನಿಂತಿದ್ದ ಸೈಕಲ್ಲಿನ ವಾಲ್ವು ಬಿಚ್ಚಿದೆ. ಒಳಗಿನ ವಾಲ್‌ಟ್ಯೂಬ್, ಗಾಳಿ ತಡೆಯುವ ಆ ಸಣ್ಣ ರಬ್ಬರ್ ನಳಿಗೆ, ಕೊಳೆತು ಅಂಟಂಟಾಗಿತ್ತು. ಅಗ್ಗದ ಸಾಮಾನಿನ ಅಂಗಡಿಯಲ್ಲಿ ಅದು ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ. ಎಂಜಲು ಹಚ್ಚಿ ಹೊಸದನ್ನು ಏರಿಸಿದೆ, ಅಪ್ಪ ಮಾಡುತ್ತಿದ್ದ ಹಾಗೆ. ಗಾಳಿ ನಿಂತಿತು. ಅವನು ಕೇಳಿಸಿಕೊಂಡಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದ.

ಓಜಿಮಾದ ಅಕ್ಕನ ಜೊತೆ ಅಷ್ಟಕ್ಕಷ್ಟೇ ಆದೆ. ಅವರು ಫೋನು ಮಾಡಿದರೆ ಹ್ಞೂಂ, ಉಹ್ಞೂಂ ಅನ್ನುತ್ತಿದ್ದೆ.

ಅಕ್ಟೋಬರಿನ ಒಂದು ಬುಧವಾರ ಬೆಳಿಗ್ಗೆ, ಲ್ಯಾಬಿನಲ್ಲಿದ್ದಾಗ ಅವರ ಯಜಮಾನರ ಫೋನು ಬಂತು. ಅವರು ಆಫೀಸಿನ ಕೆಲಸಕ್ಕೆ ಒಸಾಕಾಗೆ ಹೋಗಿದ್ದರು.

‘ನಮ್ಮತ್ತೆ ಹೋಗ್ಬಿಟ್ರಮ್ಮ, ಈಗಷ್ಟೇ ಮೈಸೂರಿಂದ ಕಾಲ್ ಬಂತು. ಇವಳಿಗೆ ಹೇಳಿಲ್ಲ. ಸ್ಯಾಟರ್‌ಡೇ ಮಗಳ ಸ್ಕೂಲ್ ಸ್ಪೋರ್ಟ್ಸ್ ಡೇ, ತಿಂಗಳಿಂದ ಪ್ರಾಕ್ಟೀಸ್ ಮಾಡಿದೆ ಮಗು. ಅದು ಮುಗೀಲಿ. ನಾನು ಫ್ರೈಡೇ ಬರ್ತೀನಿ, ಅಲ್ಲಿವರೆಗೂ ನೀವು ಮನೇಲಿ ಅವಳ ಜೊತೆ ಇರಕ್ಕಾಗುತ್ತಾ? ಫೋನ್ ಕಡೆ ಸ್ವಲ್ಪ ಕಣ್ಣಿಟ್ಟಿರಿ. ನಿಮಗೆ ಗೊತ್ತಲ್ಲ, ಇದೆಲ್ಲ ಹೆಂಗೆ ಮ್ಯಾನೇಜ್ ಮಾಡ್ಬೇಕು ಅಂತ.’

ನಿಮಗೆ ಗೊತ್ತಲ್ಲ, ಅಂದರು.

‘ಯಾವಾಗ ಎತ್ತುತ್ತಾರೆ, ಅಣ್ಣ?’

‘ನಾಳೆ ಮಧ್ಯಾಹ್ನ. ಇವಳ ತಮ್ಮ ದುಬೈಯಿಂದ ಬರ್ಬೇಕಲ್ಲ, ಅದಕ್ಕೆ ವೇಟ್ ಮಾಡ್ತಿದಾರೆ.’

ಮಗನಿಗಾಗಿ ಕಾಯುತ್ತಾರೆ. ಮಗಳಿಗೆ ಸ್ಪೋರ್ಟ್ಸ್ ಡೇ. ‘ಆಯ್ತು, ಹೋಗ್ತೀನಿ,’ ಅಂದೆ. ಹೋಗುತ್ತೇನೆ ಎಂದಷ್ಟೇ ಅಂದದ್ದು. ರೈಲಿನಲ್ಲಿ ಕೂತು ಸಂಜೆಯ ವಿಮಾನದಲ್ಲಿ ಜಾಗವಿದೆಯೇ ನೋಡಿದೆ. ಇತ್ತು.

ಅಕ್ಕ ಹುರುಳಿಕಾಯಿ ಹೆಚ್ಚುತ್ತಿದ್ದವರು ಚಾಕು ಹಿಡಿದೇ ಬಾಗಿಲು ತೆಗೆದರು. ನನ್ನನ್ನು ನೋಡಿ ಮುಖ ಅರಳಿತು.

‘ಅಬ್ಬಾ, ಮೇಡಂ ಸಿಟ್ಟು ಇಳೀತಾ? ಬಾ, ಬಾ. ಫೋನ್ ಮಾಡ್ಬಾರ್ದಾ, ಜಾಸ್ತಿ ಅನ್ನ ಇಡ್ತಿದ್ದೆ.’

ಚಪ್ಪಲಿ ಬಿಡುವ ಜಾಗದಲ್ಲಿ ನಿಂತೇ ಹೇಳಿಬಿಟ್ಟೆ. ‘ಅಕ್ಕ, ನಿಮ್ಮಮ್ಮ ಇವತ್ತು ಬೆಳಿಗ್ಗೆ ತೀರಿಕೊಂಡ್ರು. ನಾಳೆ ಮಧ್ಯಾಹ್ನದವರೆಗೆ ಇಟ್ಟಿರ್ತಾರೆ. ಸಂಜೆ ಫ್ಲೈಟಿದೆ. ಈಗ ಹೊರಟರೆ ಸಿಗುತ್ತೆ.’

ದಾರಿಯುದ್ದಕ್ಕೂ ಮೆತ್ತಗೆ ಹೇಳಬೇಕೆಂದುಕೊಂಡಿದ್ದೆ. ಬಾಯಿಂದ ಬಂದದ್ದು ಏಟಿನಂತೆ ಬಂತು. ಎರಡು ತಿಂಗಳು ಕಾದಿಟ್ಟ ಸಿಟ್ಟು ಅದರಲ್ಲಿ ಸೇರಿಕೊಂಡಿರಲಿಲ್ಲ ಎಂದು ನಾನು ಹೇಳಲಾರೆ.

ಅವರು ಚಾಕುವನ್ನು ಚಪ್ಪಲಿ ಗೂಡಿನ ಮೇಲಿಟ್ಟರು.

‘ಇವರಿಗೆ ಗೊತ್ತಾ?’

‘ಗೊತ್ತು.’

‘ಹೇಳ್ಬೇಡ ಅಂದ್ರಾ?’

‘ಶನಿವಾರದವರೆಗೆ.’

ಅವರು ನನ್ನನ್ನು ನೋಡಿದರು. ಬಿಸಿಬೇಳೆಭಾತಿನ ಆ ಮಧ್ಯಾಹ್ನ ನಮ್ಮಿಬ್ಬರ ನಡುವೆ ಬಂದು ನಿಂತದ್ದು ಅವರಿಗೂ ಕಾಣಿಸಿರಬೇಕು. ಒಳಗೆ ಹೋಗಿ ಒಲೆ ಆರಿಸಿದರು. ನಾನು ಟಿಕೆಟ್ ಮಾಡಿದೆ, ಅವರು ಪಾಸ್‌ಪೋರ್ಟ್ ಹುಡುಕಿದರು. ಹೊರಡುವಾಗ ಅತ್ತರು. ನನ್ನ ಹತ್ತಿರ ನಿಂತು ಅಳಲಿಲ್ಲ.

ಯಜಮಾನರು ಫೋನಿನಲ್ಲಿ ಕೂಗಾಡಿದರು. ‘ನಿಮ್ಮನ್ನ ನಂಬಿ ಹೇಳಿದ್ದಲ್ವಾ?’ ಅಂದರು. ‘ನಾನೂ ನಿಮ್ಮನ್ನೆಲ್ಲ ನಂಬಿದ್ದೆ ಅಣ್ಣ,’ ಅಂದೆ. ಶಾಲೆಯಿಂದ ಬಂದ ಮಗಳು ಅಮ್ಮ ಎಲ್ಲಿ ಎಂದು ಜಪಾನಿಯಲ್ಲಿ ಕೇಳಿದಳು. ಅಜ್ಜಿ ತೀರಿಕೊಂಡರು, ಅಮ್ಮ ಅಜ್ಜಿಯನ್ನು ನೋಡಲು ಹೋಗಿದ್ದಾಳೆ ಎಂದು ಕನ್ನಡದಲ್ಲೇ ಹೇಳಿದೆ. ಸ್ವಲ್ಪ ಯೋಚಿಸಿ, ‘ಓಕೆ. ವಿಡಿಯೋ ತೆಗೀತೀರಾ ನಂದು, ಸ್ಯಾಟರ್‌ಡೇ?’ ಅಂದಳು. ಅಷ್ಟೇ. ಅದಕ್ಕಾಗಿ ಇವರೆಲ್ಲ ಸಾವನ್ನು ಬಚ್ಚಿಡಲು ಹೊರಟಿದ್ದರು.

ಗುರುವಾರ ಸಂಜೆ ಮಗಳಿಗೆ ಅನ್ನ ಕಲಸುತ್ತಿದ್ದಾಗ ಅಕ್ಕ ಮಾತಾಡಿ ಕಳಿಸಿದ ಮೆಸೇಜು ಬಂತು. ಹಿಂದೆ ಗಂಡಸರ ಗದ್ದಲ, ಯಾರೋ ಹೂವು ಕೇಳುತ್ತಿದ್ದಾರೆ.

‘ಮುಖ ನೋಡಿದೆ ಕಣೆ.’ ಆಮೇಲೆ ಬರೀ ಉಸಿರು. ‘ನಿಂಗೆ ನಾನು ಅವತ್ತು…’ ಅಲ್ಲಿಗೆ ಕಡಿದುಹೋಗಿತ್ತು.

ಎರಡು ಸಲ ಕೇಳಿದೆ. ಪರವಾಗಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ಪರವಾ ಇದೆ. ಈಗಲೂ ಇದೆ. ಮೈಕಿನ ಗುರುತು ಒತ್ತಿ ಹಿಡಿದು, ‘ಮಗು ಊಟ ಮಾಡ್ತಿದೆ ಅಕ್ಕ. ನೀವೂ ಏನಾದ್ರೂ ತಿನ್ನಿ,’ ಅಂದು ಕಳಿಸಿದೆ.